ಲಿನಕ್ಸ್ ಕಿತ್ತು ಹಾಕುವ ಮೊದಲು ಒಂದು ಸಂಜೆ ಕೊಡಿ

ಹೋದ ತಿಂಗಳು ಅಕ್ಕನ ಮಗ ಕುಮಟೆಗೆ ಬಂದಿದ್ದ. ಬ್ಯಾಗ್ ಇಳಿಸುವ ಮೊದಲೇ, "ಮಾವ, ನನ್ನ ಲ್ಯಾಪ್‌ಟಾಪ್‌ನಿಂದ ಲಿನಕ್ಸ್ ತೆಗೆದುಬಿಡಿ, ಸಾಕಾಗಿದೆ" ಅಂದ. ವಿಂಡೋಸ್ ಬದಲಿಗೆ ಬಳಸುವ ಆಪರೇಟಿಂಗ್ ಸಿಸ್ಟಮ್ ಅದು, ಎರಡು ವರ್ಷದ ಹಿಂದೆ ಹಾಕಿಕೊಟ್ಟವನು ನಾನೇ. ಏನಾಯ್ತೋ ಅಂತ ಕೇಳಿದೆ. ಕೆಲಸದ ಇಂಟರ್‌ವ್ಯೂ ಇತ್ತಂತೆ, ವಿಡಿಯೋ ಕಾಲ್‌ನಲ್ಲಿ. ಅರ್ಧ ಗಂಟೆಯಲ್ಲಿ ಮೂರು ಸಲ ವೈಫೈ ಕಡಿದುಹೋಗಿದೆ. ಮೂರನೇ ಸಲ ಇವನು ವಾಪಸ್ ಸೇರುವಷ್ಟರಲ್ಲಿ ಅವರು ಕಾಲ್ ಮುಗಿಸಿಬಿಟ್ಟಿದ್ದಾರೆ. ಹೇಳುವಾಗ ಹುಡುಗನ ದನಿ ಸಣ್ಣಗಾಗಿತ್ತು.

ನನಗೂ ತುಂಬಾ ಬೇಜಾರಾಯಿತು. "ಒಂದು ಸಂಜೆ ಕೊಡು ಮಾರಾಯ. ಆಮೇಲೂ ಬೇಡ ಅನ್ನಿಸಿದರೆ ನಾನೇ ತೆಗೆದುಕೊಡ್ತೀನಿ" ಅಂದೆ. ಒಂದು ಸಂಜೆ ಹೋಗಿ ಎರಡಾಯಿತು. ಆ ಎರಡು ಸಂಜೆ ಕಂಡಿದ್ದನ್ನು ಬರೆಯುತ್ತಿದ್ದೇನೆ. ಬೇರೆ ಎಲ್ಲ ಚೆನ್ನಾಗಿದ್ದೂ ವೈಫೈ ಒಂದೇ ಕಾರಣಕ್ಕೆ ಲಿನಕ್ಸ್ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಬಿಡಬೇಕಾಗಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೊದಲು ಅವನ ಟರ್ಮಿನಲ್‌ನ (ಕಮಾಂಡ್ ಟೈಪ್ ಮಾಡುವ ಕಿಟಕಿಯ) ಹಿಸ್ಟರಿ ತೆಗೆದು ನೋಡಿದೆ. ಮೂರು ದಿನದಲ್ಲಿ ಇಂಟರ್ನೆಟ್‌ನಲ್ಲಿ ಸಿಕ್ಕಿದ ಹದಿನಾಲ್ಕು ಕಮಾಂಡ್ ಹಾಕಿದ್ದ. ಎಲ್ಲವೂ ಸುಡೋ ಹಚ್ಚಿದವೇ, ಅಂದರೆ ಸಿಸ್ಟಮ್ಮನ್ನೇ ಬದಲಿಸುವ ಅಧಿಕಾರ ಇರುವಂಥವು. ಅದರಲ್ಲಿ ಎರಡು ಬೇರೆ ಕಂಪನಿಯ ವೈಫೈ ಕಾರ್ಡ್‌ಗೆ ಬರೆದಂಥವು. ಇವನ ಕಾರ್ಡ್‌ಗೆ ಅವು ಲೆಕ್ಕಕ್ಕೇ ಇಲ್ಲ. ಇನ್ನೊಂದು 11ಎನ್ ಅನ್ನುವ ವೇಗದ ವೈಫೈ ವಿಧಾನವನ್ನೇ ಆಫ್ ಮಾಡುವ ಸೆಟ್ಟಿಂಗ್. ಅದು ಹತ್ತಿದರೆ ವೈಫೈ ವೇಗ ಹಳೇ ಕಾಲದ 54 ಎಂಬಿಪಿಎಸ್‌ಗೆ ಇಳಿದು ಅಲ್ಲೇ ನಿಲ್ಲುತ್ತದೆ. ರೋಗ ಒಂದಿದ್ದರೆ ಔಷಧಿಯಿಂದ ಇನ್ನೊಂದು ಬಂದಿತ್ತು.

ಇದು ನನಗೆ ಅತಿ ಹೆಚ್ಚು ಕಾಡುವ ವಿಷಯ. ಜ್ವರ ಬಂದರೆ ಯಾರೂ ಹದಿನಾಲ್ಕು ಮಾತ್ರೆ ಒಟ್ಟಿಗೆ ನುಂಗುವುದಿಲ್ಲ ಅಲ್ವಾ? ಕಂಪ್ಯೂಟರ್ ವಿಷಯಕ್ಕೆ ಬಂದರೆ ಮಾತ್ರ ನಾವು ಅದನ್ನೇ ಮಾಡುತ್ತೇವೆ. ಸರಿಹೋದರೂ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ. ಕೆಟ್ಟರೂ ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ಅದಕ್ಕೇ ಈ ಬರಹದಲ್ಲೂ ನಾನು ಪೂರ್ತಿ ಕಮಾಂಡ್ ಕೊಡುತ್ತಿಲ್ಲ. ಹೆಸರು ಹೇಳುತ್ತೇನೆ. ಅದು ಏನು ಮಾಡುತ್ತದೆ ಅಂತ ಓದಿಕೊಂಡು ಆಮೇಲೆ ಹಾಕಿ.

ಹದಿನಾಲ್ಕನ್ನೂ ಒಂದೊಂದಾಗಿ ಬಿಚ್ಚಿದೆವು. ಒಂದು ನೋಟ್‌ಬುಕ್ ಕೊಟ್ಟು, "ಇನ್ನು ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಇದರಲ್ಲಿ ಬರಿ, ಗಂಟೆ ಸಮೇತ" ಅಂದೆ.

ಮೊದಲನೇ ಪ್ರಶ್ನೆ: ಕಡಿಯುತ್ತಿರುವುದು ವೈಫೈಯೋ, ಹೊರಗಿನ ಲೈನೋ? ಇದನ್ನು ತಿಳಿಯಲು ಐದು ನಿಮಿಷ ಸಾಕು. ಎರಡು ಟರ್ಮಿನಲ್ ತೆರೆದು ಒಂದರಲ್ಲಿ ಮನೆಯ ರೂಟರ್‌ಗೆ ಪಿಂಗ್ (ಇದ್ದೀಯಾ ಅಂತ ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ತೋರಿಸುವ ಕಮಾಂಡ್) ಹಾಕಿ, ಇನ್ನೊಂದರಲ್ಲಿ ಹೊರಗಿನ ಯಾವುದಾದರೂ ವಿಳಾಸಕ್ಕೆ. ರೂಟರ್ ಸರಿಯಾಗಿ ಉತ್ತರ ಕೊಡುತ್ತಾ ಹೊರಗಿನದು ಮಾತ್ರ ನಿಂತರೆ ಲ್ಯಾಪ್‌ಟಾಪ್ ಬಿಟ್ಟು ಫೈಬರ್‌ನವರಿಗೆ ಫೋನ್ ಮಾಡಿ. ಎರಡೂ ಒಟ್ಟಿಗೆ ತಡವರಿಸಿದರೆ ತೊಂದರೆ ಮನೆಯೊಳಗೇ ಇದೆ.

ನಮ್ಮಲ್ಲಿ ಎರಡೂ ತಡವರಿಸಿದವು. ನನ್ನ ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ಎರಡು ಮೂರು ಮಿಲಿಸೆಕೆಂಡ್. ಅವನದರಲ್ಲಿ ಒಮ್ಮೆ 3, ಮರುಕ್ಷಣ 110, ಆಮೇಲೆ 240, ಮತ್ತೆ 90. ಈ ಕುಣಿತವನ್ನು ನೋಡಿದರೆ ಮೊದಲು ಅನುಮಾನ ಪಡಬೇಕಾದ್ದು ಪವರ್ ಸೇವ್ ಮೇಲೆ. ರೂಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಅನ್ನುವ ಸಣ್ಣ ಸಂದೇಶ ಕಳಿಸುತ್ತದೆ. ನಾನಿದ್ದೇನೆ, ಇಂಥವರಿಗೆ ಡೇಟಾ ಬಂದಿದೆ ಅಂತ ಕೂಗಿದ ಹಾಗೆ. ಬ್ಯಾಟರಿ ಉಳಿಸಲು ಕಾರ್ಡ್ ನಡುವೆ ನಿದ್ದೆ ಮಾಡಿ, ಬೀಕನ್ ಹೊತ್ತಿಗೆ ಎದ್ದು ಕಿವಿಗೊಡುತ್ತದೆ. ಅಷ್ಟರವರೆಗೆ ರೂಟರ್ ಇವನ ಡೇಟಾವನ್ನು ಕಟ್ಟಿಟ್ಟುಕೊಂಡಿರುತ್ತದೆ. ವೆಬ್‌ಪುಟ ಓದುವಾಗ ಇದು ತಿಳಿಯುವುದೇ ಇಲ್ಲ. ಮಾತಾಡುವಾಗ ದನಿ ತುಂಡಾಗುತ್ತದೆ.

ಐಡಬ್ಲ್ಯೂ ಅಂತ ಒಂದು ಟೂಲ್ ಇದೆ. ಪವರ್ ಸೇವ್ ಆನ್ ಇದೆಯೋ ಆಫ್ ಇದೆಯೋ ಅದು ಹೇಳುತ್ತದೆ. ಅದರಿಂದಲೇ ಆ ಹೊತ್ತಿಗೆ ಆಫ್ ಮಾಡಿಯೂ ನೋಡಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದರೆ ಮೊದಲಿನಂತಾಗುತ್ತದೆ, ಹಾಗಾಗಿ ಹೆದರಿಕೆ ಇಲ್ಲ. ಅನುಕೂಲ ಕಂಡರೆ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫಿಗ್ ಫೈಲ್‌ನಲ್ಲಿ ವೈಫೈ ಪವರ್‌ಸೇವ್ ಸಾಲನ್ನು ಬದಲಿಸಿ ಕಾಯಂ ಮಾಡಿ. ಆ ಸಾಲಿನಲ್ಲಿ 3 ಅಂದರೆ ಆನ್, 2 ಅಂದರೆ ಆಫ್. 2 ಹಾಕಿದ ಮೇಲೆ ಅವನ ಪಿಂಗ್ ಮೂರು ನಾಲ್ಕಕ್ಕೆ ಬಂದು ನಿಂತಿತು. ಹುಡುಗನ ಮುಖ ಅರಳಿತು. "ಇಷ್ಟೇನಾ ಮಾವ?"

ಇಷ್ಟೇ ಆಗಿರಲಿಲ್ಲ. ರಾತ್ರಿ ಅವನು ಒಳಗಿನ ಕೋಣೆಯ ಟೇಬಲ್ಲಿಗೆ ಹೋಗಿ ಕೂತ. ಹತ್ತು ನಿಮಿಷದಲ್ಲಿ ಮತ್ತೆ ಕಡಿಯಿತು. ಜಗಲಿಗೆ ಬಂದರೆ ಸರಿ, ಕೋಣೆಗೆ ಹೋದರೆ ಕಡಿತ. ನಮ್ಮದು ಚಿರೆಕಲ್ಲಿನ ಹಳೇ ಮನೆ, ಗೋಡೆ ದಪ್ಪ. ಗೋಡೆಯದೇ ಕಾರಣ ಅಂತ ಇಬ್ಬರೂ ನಂಬಿ ಮಲಗಿದೆವು.

ಮಾರನೇ ದಿನ ಲಾಗ್, ಅಂದರೆ ನಡೆದದ್ದನ್ನೆಲ್ಲ ಕಂಪ್ಯೂಟರ್ ತಾನೇ ಬರೆದಿಡುವ ದಿನಚರಿ, ನೋಡಿದ ಮೇಲೆ ಆ ನಂಬಿಕೆ ಬಿತ್ತು. ಲಿನಕ್ಸ್‌ನ ದೊಡ್ಡ ಉಪಕಾರ ಇದು, ಅದು ಏನನ್ನೂ ಮುಚ್ಚಿಡುವುದಿಲ್ಲ. ಜರ್ನಲ್‌ಸಿಟಿಎಲ್ ಅನ್ನುವ, ಲಾಗ್ ತೋರಿಸುವ ಟೂಲ್ ತೆರೆದಿಟ್ಟುಕೊಂಡು ಕಾಯಿರಿ. ವೈಫೈ ಕಡಿದ ಕ್ಷಣ ಅಲ್ಲಿ ಒಂದು ಸಾಲು ಬೀಳುತ್ತದೆ. ಅದರಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಕಾರಣದ ಸಂಖ್ಯೆ. ಎರಡು, ಸಂಪರ್ಕ ಕಡಿದವರು ಯಾರು. ಲೋಕಲಿ ಜನರೇಟೆಡ್ ಅಂತ ಇದ್ದರೆ ಬಿಟ್ಟಿದ್ದು ನಮ್ಮ ಲ್ಯಾಪ್‌ಟಾಪೇ. ಆ ಮಾತು ಇಲ್ಲದಿದ್ದರೆ ರೂಟರ್ ಹೊರಗೆ ಹಾಕಿದೆ ಅಂತ ಅರ್ಥ. ಕಾರಣ 15 ಇದ್ದರೆ ಪಾಸ್‌ವರ್ಡ್ ಅಥವಾ ಕೀ ಬದಲಾಯಿಸಿಕೊಳ್ಳುವ ಹಂತದಲ್ಲಿ ತೊಂದರೆ. ನಮ್ಮಲ್ಲಿ ಇದ್ದದ್ದು 4. ಅದೂ ಲೋಕಲಿ ಜನರೇಟೆಡ್. ಅದರ ಹಿಂದಿನ ಸಾಲಿನಲ್ಲಿ ಬೀಕನ್ ಲಾಸ್. ರೂಟರ್ ಕೂಗುತ್ತಲೇ ಇದೆ, ಇವನ ಕಾರ್ಡ್‌ಗೆ ಕೇಳಿಸುತ್ತಿಲ್ಲ. ಒಂದಷ್ಟು ಹೊತ್ತು ಕಾದು, ರೂಟರ್ ಹೋಗಿದೆ ಅಂದುಕೊಂಡು ಇದೇ ಕೈಬಿಟ್ಟಿದೆ.

ಗೋಡೆ ಕಾರಣವಾಗಿದ್ದರೆ ಸಿಗ್ನಲ್ ಕೆಳಗಿರಬೇಕಿತ್ತು. ಕೋಣೆಯೊಳಗೆ ಐಡಬ್ಲ್ಯೂ ತೋರಿಸಿದ್ದು ಮೈನಸ್ 58 ಡಿಬಿಎಂ. ಈ ಅಳತೆ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಮೈನಸ್ 67ರವರೆಗೂ ವಿಡಿಯೋ ಕಾಲ್ ಆರಾಮಾಗಿ ನಡೆಯುತ್ತದೆ. ಮೈನಸ್ 80 ದಾಟಿದರೆ ಕಷ್ಟ. ಅಂದರೆ ರೂಟರ್‌ನ ದನಿ ಜೋರಾಗಿಯೇ ಬರುತ್ತಿದೆ, ಆದರೂ ಕೇಳಿಸುತ್ತಿಲ್ಲ. ಹಾಗಾದರೆ ಹತ್ತಿರದಲ್ಲೇ ಯಾರೋ ಗಲಾಟೆ ಮಾಡುತ್ತಿರಬೇಕು.

ಆ ಕೋಣೆಯಲ್ಲಿ ಇದ್ದು ಜಗಲಿಯಲ್ಲಿ ಇಲ್ಲದ್ದು ಏನು? ಅರ್ಧ ಗಂಟೆ ತಲೆ ಕೆಡಿಸಿಕೊಂಡೆವು. ಅಡುಗೆಮನೆಯ ಮೈಕ್ರೋವೇವ್ ಆಫ್ ಇತ್ತು. ಬ್ಲೂಟೂತ್ ಆಫ್ ಮಾಡಿದರೂ ವ್ಯತ್ಯಾಸ ಇಲ್ಲ. ಕೊನೆಗೆ ಅವನ ಕೈಯನ್ನೇ ನೋಡುತ್ತಾ ಕೂತೆ. ಟೇಬಲ್ ಮುಂದೆ ಕೂತ ಕೂಡಲೇ ಅವನು ಮೊದಲು ಮಾಡುತ್ತಿದ್ದದ್ದು ಬ್ಯಾಗಿನಿಂದ ಹಾರ್ಡ್‌ಡಿಸ್ಕ್ ತೆಗೆದು ಎಡಗಡೆ ಚುಚ್ಚುವುದು. ಅದು ಯುಎಸ್‌ಬಿ 3.0 ಡಿಸ್ಕ್, ಗೇಣುದ್ದದ ಕೇಬಲ್.

ಯುಎಸ್‌ಬಿ 3.0 ಓಡುವಾಗ ಕೇಬಲ್ ಮತ್ತು ಪೋರ್ಟ್‌ನಿಂದ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಸೋರುತ್ತದೆ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ತೋರಿಸಿತ್ತು. ವೈಫೈನ ಹಳೇ ಬ್ಯಾಂಡ್ ಇರುವುದೂ ಅಲ್ಲೇ. ದಪ್ಪ ಗೋಡೆಯ ಆಚೆ 5 ಗಿಗಾಹರ್ಟ್ಸ್ ಸಿಗ್ನಲ್ ಬೇಗ ಸೊರಗುವುದರಿಂದ ಲ್ಯಾಪ್‌ಟಾಪ್ ಒಳಕೋಣೆಯಲ್ಲಿ ತಾನಾಗಿಯೇ 2.4ಕ್ಕೆ ಇಳಿಯುತ್ತಿತ್ತು. ಇಳಿದು ನೇರವಾಗಿ ಡಿಸ್ಕ್‌ನ ಗದ್ದಲಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ಡಿಸ್ಕ್ ಕಿತ್ತೆವು. ನಲವತ್ತು ನಿಮಿಷ ಒಂದು ಸಲವೂ ಕಡಿಯಲಿಲ್ಲ. ಮತ್ತೆ ಹಾಕಿ ದೊಡ್ಡ ಫೈಲ್ ಕಾಪಿಗೆ ಬಿಟ್ಟೆವು. ಎರಡೇ ನಿಮಿಷ, ಬೀಕನ್ ಲಾಸ್! ಮೂರು ಸಲ ಹೀಗೇ ಮಾಡಿ ನೋಟ್‌ಬುಕ್‌ನಲ್ಲಿ ಬರೆದುಕೊಂಡೆವು. ಇಂಟರ್‌ವ್ಯೂ ದಿನ ಡಿಸ್ಕ್ ಹಾಕಿದ್ಯಾ ಅಂತ ಕೇಳಿದೆ. ಸರ್ಟಿಫಿಕೇಟ್ ಎಲ್ಲ ಅದರಲ್ಲೇ ಇತ್ತು ಮಾವ ಅಂದ. ವಿಂಡೋಸ್ ಇದ್ದಾಗ ಹೀಗಾಗುತ್ತಿರಲಿಲ್ಲ ಅಂತ ಅವನು ಹೇಳಿದ್ದೂ ಸುಳ್ಳಲ್ಲ. ಆಗ ಈ ಡಿಸ್ಕ್ ಇರಲೇ ಇಲ್ಲ.

ಈಗ ಉದ್ದದ, ಒಳ್ಳೇ ಶೀಲ್ಡ್ ಇರುವ ಕೇಬಲ್ ತಂದು ಡಿಸ್ಕನ್ನು ದೂರ ಇಟ್ಟುಕೊಂಡಿದ್ದಾನೆ. ಕಾಲ್ ಇದ್ದಾಗ ತೆಗೆದೇಬಿಡುತ್ತಾನೆ.

ಎಲ್ಲರದ್ದೂ ಇದೇ ಕಥೆ ಆಗಿರುವುದಿಲ್ಲ. ಫೋನ್‌ಗೆ ಕಾಣುವ ನೆಟ್‌ವರ್ಕ್ ಲ್ಯಾಪ್‌ಟಾಪ್‌ಗೆ ಕಾಣದಿದ್ದರೆ ರೂಟರ್ ಯಾವ ಚಾನೆಲ್‌ನಲ್ಲಿದೆ ನೋಡಿ. 12, 13 ಭಾರತದಲ್ಲಿ ನಡೆಯುತ್ತವೆ, ಅಮೆರಿಕಕ್ಕೆಂದು ತಯಾರಾದ ಲ್ಯಾಪ್‌ಟಾಪ್‌ಗಳು ಅವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಲ್ಲಿಂದ ಮಕ್ಕಳು ತಂದುಕೊಟ್ಟ ಲ್ಯಾಪ್‌ಟಾಪ್ ಇರುವವರು ಇದನ್ನು ನೆನಪಿಡಿ. ರೂಟರನ್ನು 1, 6, 11ರಲ್ಲಿ ಒಂದಕ್ಕೆ ಇಟ್ಟರೆ ಎಲ್ಲರಿಗೂ ಒಳ್ಳೆಯದು. 5 ಗಿಗಾಹರ್ಟ್ಸ್‌ನಲ್ಲಿ ಮನೆಯ ಎಲ್ಲ ಸಾಧನಗಳೂ ಒಟ್ಟಿಗೆ ಕಡಿದರೆ, ರೂಟರ್ ರೇಡಾರ್ ಚಾನೆಲ್‌ನಲ್ಲಿ ಕೂತಿರಬಹುದು. ಅಂದರೆ ರೇಡಾರ್‌ಗಳೂ ಬಳಸುವ ಚಾನೆಲ್. ರೇಡಾರ್ ಸುಳಿವು ಸಿಕ್ಕರೆ ಅದು ಜಾಗ ಖಾಲಿ ಮಾಡಲೇಬೇಕು.

ಲಿನಕ್ಸ್‌ನ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಎರಡು ತೊಂದರೆಗಳಲ್ಲಿ ಪವರ್ ಸೇವ್ ಈ ಕಡೆಯದ್ದೇ. ವೈಫೈ ಕಾರ್ಡ್‌ಗಳ ಕಥೆ ಇಲ್ಲಿ ಮೊದಲಿನಿಂದ ಕಷ್ಟದ್ದು. ಎಷ್ಟೋ ಕಂಪನಿಗಳು ವಿಂಡೋಸ್‌ಗೆ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬರೆದು ಸುಮ್ನಾಗುತ್ತಿದ್ದವು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್‌ಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವ ಕಾಗದವೇ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಆಗ ಒಂದಷ್ಟು ಜನ ಇದ್ದ ಡ್ರೈವರನ್ನು ಬಿಚ್ಚಿ ನೋಡಿ ಚಿಪ್‌ನ ನಡವಳಿಕೆ ಬರೆದಿಟ್ಟರು. ಇನ್ನೊಂದಷ್ಟು ಜನ ಬರೀ ಆ ಬರಹ ಓದಿ ಹೊಸದಾಗಿ ಡ್ರೈವರ್ ಕಟ್ಟಿದರು. ಅದು 2006ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಸೇರಿತು. ಬ್ರಾಡ್‌ಕಾಮ್ ತಾನಾಗಿ ಓಪನ್ ಸೋರ್ಸ್ ಡ್ರೈವರ್ ಕೊಟ್ಟಿದ್ದು 2010ರಲ್ಲಿ.

ಆ ಕೆಲಸಕ್ಕೆ 2005ರಲ್ಲೇ ಕೈ ಹಾಕಿದವರಲ್ಲಿ ಲ್ಯಾರಿ ಫಿಂಗರ್ ಒಬ್ಬರು. ಅಮೆರಿಕದವರು. ವೃತ್ತಿಯಲ್ಲಿ ಹರಳುಗಳ ರಚನೆ ಓದುವ ವಿಜ್ಞಾನಿ. ಎಲ್ ಸಾಲ್ವಡಾರ್‌ನ ಇಸಾಲ್ಕೋ ಜ್ವಾಲಾಮುಖಿಯಲ್ಲಿ ಸಿಕ್ಕ ಒಂದು ಖನಿಜಕ್ಕೆ ಅವರ ಹೆಸರಿನಿಂದಲೇ ಫಿಂಗರೈಟ್ ಅಂತ ಕರೆದಿದ್ದಾರೆ. ಅಂಥವರು ವಯಸ್ಸಾದ ಮೇಲೆ ಬ್ರಾಡ್‌ಕಾಮ್, ರಿಯಲ್‌ಟೆಕ್ ಚಿಪ್‌ಗಳ ಡ್ರೈವರ್‌ಗಳನ್ನು ನೋಡಿಕೊಳ್ಳುತ್ತಾ, ಕರ್ನಲ್‌ಗೆ ಸಾವಿರಕ್ಕೂ ಹೆಚ್ಚು ಪ್ಯಾಚ್ (ತಿದ್ದುಪಡಿ) ಕೊಟ್ಟರು. 2024ರ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗೆ 84 ವರ್ಷ. ಈ ವಿಷಯ ಹೇಳಿದಾಗ ನನ್ನ ಅಳಿಯ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಾವು ಯಾರೂ ನೋಡದ ಒಬ್ಬ ಅಜ್ಜ ನಮ್ಮ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳೂ ನೆಟ್‌ಗೆ ಸೇರಲಿ ಅಂತ ಅಷ್ಟು ವರ್ಷ ದುಡಿದಿದ್ದಾರೆ. ಅವರಿಗೆ ದಾರಿ ತೋರಿದ್ದರಲ್ಲಿ ಬಳಸುವವರು ಕಳಿಸಿದ ಲಾಗ್‌ಗಳ ಪಾಲೂ ಇತ್ತು. ಕಾರ್ಡ್ ಇಂಥದ್ದು, ಕರ್ನಲ್ ಇಂಥದ್ದು, ಇಷ್ಟು ಗಂಟೆಗೆ ಕಡಿಯಿತು, ಈ ಸಾಲು ಬಂತು ಅಂತ ಕಳಿಸಿದರೆ ರಿಪೇರಿ ಮಾಡುವವರಿಗೆ ಒಂದು ಹಿಡಿ ಸಿಗುತ್ತದೆ. "ವೈಫೈ ಸರಿ ಇಲ್ಲ" ಅಂತ ಬರೆದರೆ ಅವರು ಏನು ಮಾಡಬೇಕು ಹೇಳಿ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಪ್ರೊಸೆಸರ್ ನೋಡುವಷ್ಟೇ ಕಾಳಜಿಯಿಂದ ಒಳಗಿನ ವೈಫೈ ಚಿಪ್ ಯಾವುದು ಅಂತಲೂ ಕೇಳಿ. ಯುಎಸ್‌ಬಿ ವೈಫೈ ಕೊಳ್ಳುವಾಗಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ಒಂದೇ ಮಾಡೆಲ್ ಹೆಸರಿನ ಒಳಗೆ ವರ್ಷಕ್ಕೊಂದು ಚಿಪ್ ಇರುವುದುಂಟು. ಡೆಬಿಯನ್ ಅನ್ನುವ ಲಿನಕ್ಸ್ ಬಳಸುವವರಿಗೆ 2023ರ 12ನೇ ಆವೃತ್ತಿಯಿಂದ ಫರ್ಮ್‌ವೇರ್ (ಕಾರ್ಡ್‌ನ ಒಳಗೇ ಓಡುವ ಸಾಫ್ಟ್‌ವೇರ್) ಇನ್‌ಸ್ಟಾಲರ್ ಜೊತೆಗೇ ಬರುತ್ತಿದೆ. ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಹೊತ್ತು ತರುವ ಕಾಲ ಹೋಯಿತು.

ಅಳಿಯನಿಗೆ ಹೋದ ವಾರ ಇನ್ನೊಂದು ಇಂಟರ್‌ವ್ಯೂ ಇತ್ತು. ಐವತ್ತು ನಿಮಿಷ, ಒಂದು ಸಲವೂ ಕಡಿಯಲಿಲ್ಲ ಅಂತ ಫೋನ್ ಮಾಡಿದ್ದ. ಫಲಿತಾಂಶ ಇನ್ನೂ ಬಂದಿಲ್ಲ. ನೋಟ್‌ಬುಕ್‌ನ ಫೋಟೋವನ್ನೂ ಕಳಿಸಿದ. ಕೊನೆಯ ಪುಟದಲ್ಲಿ ಹೊಸದೊಂದು ಸಾಲಿದೆ: "ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಒಂದೊಂದು ಸಲ ಕಾರ್ಡ್ ಏಳುವುದಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದರೆ ಏಳುತ್ತದೆ. ಇಲ್ಲಿವರೆಗೆ ನಾಲ್ಕು ಸಲ. ಲಾಗ್ ಇಟ್ಟುಕೊಂಡಿದ್ದೇನೆ." ದೀಪಾವಳಿಗೆ ಬರುತ್ತಾನೆ. ಆಗ ಅದನ್ನು ಹಿಡಿಯಬೇಕು.