ನನ್ನ ಹೆಸರು ತೆಗೀರಿ ಸ್ವಾಮಿ

ನಮ್ಮ ಬಡಾವಣೆಯ ಸಂಘದ ಮೇಲ್ ಗ್ರೂಪಿನಲ್ಲಿ ಕಳೆದ ವಾರ ಏನಾಯಿತು ಅಂತ ಮತ್ತೆ ಹೇಳಬೇಕಿಲ್ಲ. ನಿಮ್ಮ ಬಡಾವಣೆಯಲ್ಲೂ ಅದೇ ಆಗಿರುತ್ತದೆ. ಒಬ್ಬರು ‘ಕಸದ ಗಾಡಿ ಬರಲಿಲ್ಲ’ ಎಂದರು. ಇನ್ನೊಬ್ಬರು ‘ನಮ್ಮ ಬೀದಿಗೆ ಬಂತಲ್ಲ’ ಎಂದರು. ಅದಕ್ಕೆ ನಾಲ್ಕಾರು ಜನ ಕೈಮುಗಿದರು. ಯಾಕೆ ಮುಗಿದರೋ, ಯಾರಿಗೆ ಮುಗಿದರೋ. ಕೊನೆಗೆ ಒಬ್ಬ ಹಿರಿಯರು ‘ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ’ ಎಂದು ಎಲ್ಲರಿಗೂ ಉತ್ತರಿಸಿದರು. ಉಳಿದವರು ‘ಸರಿಯಾಗಿ ಹೇಳಿದಿರಿ’ ಎಂದು ಎಲ್ಲರಿಗೂ ತಿಳಿಸಿದರು. ಆಮೇಲೆ ಶುರುವಾಯಿತು, ‘ನನ್ನ ಹೆಸರು ತೆಗೀರಿ’.

ನಾವೊಬ್ಬರೇ ಹೀಗೆ ಅಂತ ಬೇಸರ ಪಡಬೇಡಿ. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಮೇಲ್ ಸುಮಾರು 8.4 ಲಕ್ಷ ನೌಕರರಿಗೆ ಹೋಗಿಬಿಟ್ಟಿತು. ಮೇಲ್ ಬಂದವರಲ್ಲಿ ಎಷ್ಟೋ ಜನ ‘ನನ್ನನ್ನು ಬಿಟ್ಟುಬಿಡಿ’ ಅಂತ ಉಳಿದವರಿಗೆಲ್ಲ ಬರೆದರು. ಡಾಕ್ಟರುಗಳ ಕಥೆಯೇ ಹೀಗಿದ್ದ ಮೇಲೆ ನಮ್ಮ ಆರನೇ ಕ್ರಾಸಿನವರದೇನು ತಪ್ಪು?

ಹೊರಬರಲು ದಾರಿ ಇಲ್ಲವೆಂದಲ್ಲ. ಮೇಲ್ ಅಡಿಯಲ್ಲೇ ಕೊಂಡಿ ಇರುತ್ತದೆ, ಒತ್ತಿದರೆ ಮುಗಿಯಿತು. ಆದರೆ ಮಾರನೇ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅಧ್ಯಕ್ಷರು ಎದುರಾಗುತ್ತಾರಲ್ಲ? ‘ಏನ್ ಸಾರ್, ಗ್ರೂಪ್ ಬಿಟ್ಬಿಟ್ರಂತೆ, ನಮ್ ಮೇಲೇನಾದ್ರೂ ಬೇಜಾರಾ?’ ಮೈಸೂರಿನವರು ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಸಾವಿರ ಮೇಲ್ ಓದುತ್ತಾರೆ.

ಅದಕ್ಕೇ ಫಿಲ್ಟರ್, ಅಂದರೆ ಬಂದ ಮೇಲನ್ನು ನಾವು ಹೇಳಿದ ಫೋಲ್ಡರಿಗೆ ತಾನಾಗಿ ಸರಿಸುವ ನಿಯಮ. ಇದು ನಮ್ಮೂರಿಗೇ ಹೇಳಿ ಮಾಡಿಸಿದ್ದು. ಸಭೆಯ ಪುಸ್ತಕದಲ್ಲಿ ಸಹಿ ಹಾಕಿ, ಉಪ್ಪಿಟ್ಟು ತಿಂದು, ಹಿಂದಿನ ಬಾಗಿಲಿಂದ ಜಾರಿಕೊಂಡ ಹಾಗೆ: ಸದಸ್ಯತ್ವಕ್ಕೆ ಭಂಗವಿಲ್ಲ, ಭಾಷಣ ಕೇಳಬೇಕಿಲ್ಲ.

ಎದುರು ಮನೆಯ ನಿವೃತ್ತ ಮೇಷ್ಟ್ರು, ವಿಷಯದ ಸಾಲಿನಲ್ಲಿ ‘ಕಸ’ ಅಂತಿದ್ದರೆ ಬೇರೆ ಫೋಲ್ಡರಿಗೆ ಹಾಕು ಎಂದು ನಿಯಮ ಬರೆದರು. ಫಿಲ್ಟರ್ ಅಕ್ಷರ ನೋಡುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ. ‘ಕಸಬಾ ಹೋಬಳಿ’ ಜಮೀನಿನ ವಿಚಾರವಾಗಿ ವಕೀಲರು ಕಳಿಸಿದ ಮೇಲ್ ಕೂಡ ಕಸದ ಜೊತೆಗೇ ಹೋಯಿತು. ಆ ವ್ಯಾಜ್ಯ ನಡೆದಿರುವ ರೀತಿ ನೋಡಿದರೆ ಅದು ಸರಿಯಾದ ಜಾಗಕ್ಕೇ ಹೋಗಿದೆ ಎಂಬುದು ಮೇಷ್ಟ್ರ ಮೊಮ್ಮಗನ ಅಭಿಪ್ರಾಯ.

ಆ ಹುಡುಗನೇ ದಾರಿ ತೋರಿಸಿದ್ದು. ಗ್ರೂಪಿನ ಮೂಲಕ ಹೊರಡುವ ಮೇಲ್‌ನ ಕಾಣದ ತಲೆಬರಹದಲ್ಲಿ ‘ಲಿಸ್ಟ್-ಐಡಿ’ ಎಂಬ ಗುರುತಿರುತ್ತದೆ. 2001ರಲ್ಲೇ ಆಗಿರುವ ಏರ್ಪಾಡು. ಬರೆದವರು ಯಾರೇ ಇರಲಿ, ಕಸವೋ ಚರಂಡಿಯೋ, ಗುರುತು ಅದೇ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಾದರೆ ಆ ತಲೆಬರಹದ ಹೆಸರನ್ನು ನಾವೇ ಸೇರಿಸಿ ನಿಯಮ ಬರೆಯಬೇಕು. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ, ಇಂಥವನ್ನೆಲ್ಲ ಫಿಲ್ಟರ್ ಮಾಡು ಅಂದರೆ ಅದೇ ಗುರುತು ಹಿಡಿದುಕೊಳ್ಳುತ್ತದೆ.

ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಮಣ್ಣುಮುಕ್ಕಿಸಲು ಒಬ್ಬ ಕಾರ್ಯದರ್ಶಿ ಸಾಕು. ನಮ್ಮವರಿಗೆ ಗ್ರೂಪಿನ ಮೇಲೆ ನಂಬಿಕೆಯಿಲ್ಲ. ಬಡಾವಣೆಯವರ ವಿಳಾಸಗಳನ್ನೆಲ್ಲ, ಎಲ್ಲರಿಗೂ ಎಲ್ಲರದೂ ಕಾಣುವ ಸಿಸಿ ಜಾಗಕ್ಕೆ ಸುರಿದು, ತಲುಪದಿದ್ದರೆ ಎಂಬ ಆತಂಕಕ್ಕೆ ಗ್ರೂಪಿಗೂ ಇನ್ನೊಂದು ಪ್ರತಿ ಕಳಿಸುತ್ತಾರೆ. ಒಂದು ಫೋಲ್ಡರಿಗೆ ಹೋಗುತ್ತದೆ. ಗುರುತಿಲ್ಲದ ಇನ್ನೊಂದು ಎದೆ ಮೇಲೆ ಬಂದು ಕೂರುತ್ತದೆ. ಈಗ ಸೈಟು ಮಾರುವವರು, ಚೀಟಿ ನಡೆಸುವವರು, ವಾಸ್ತು ಹೇಳುವವರು ಎಲ್ಲರ ಹತ್ತಿರವೂ ನಮ್ಮ ವಿಳಾಸ ಇದೆ. ‘ವಿಳಾಸ ಬೇರೆಯವರಿಗೆ ಕಾಣದ ಹಾಗೆ ಕಳಿಸೋಕೆ ಬಿಸಿಸಿ ಅಂತ ಒಂದಿದೆಯಲ್ಲ ಸಾರ್’ ಅಂದರೆ, ‘ಮುಚ್ಚುಮರೆ ಯಾಕ್ರೀ? ನಮ್ಮದು ಪಾರದರ್ಶಕ ಸಂಘ.’ ಈ ಪಾರದರ್ಶಕ ಸಂಘದ ಲೆಕ್ಕಪತ್ರ ಮಾತ್ರ ಸಿಸಿಯಲ್ಲೂ ಬಂದಿಲ್ಲ, ಬಿಸಿಸಿಯಲ್ಲೂ ಬಂದಿಲ್ಲ.

ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವ ಕಂಪನಿಗಳು ತಮ್ಮ ಪ್ರಚಾರದ ಮೇಲ್‌ಗಳಿಂದ ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು ಅಂತ ಗೂಗಲ್ 2024ರಲ್ಲಿ ಕಟ್ಟುನಿಟ್ಟು ಮಾಡಿತು. ನಮ್ಮ ಸಂಘ ಇನ್ನೂ ಆ ಮಟ್ಟಕ್ಕೆ ಏರಿಲ್ಲ. ಪ್ರಯತ್ನದಲ್ಲಿ ಕೊರತೆಯಿಲ್ಲ.

ನಗುವುದು ಇಷ್ಟಕ್ಕೇ ಸಾಕು. ಅದೇ ಕಸದ ಗಾಡಿ ಗಲಾಟೆಯ ನಡುವೆ ‘ಹೊಂಗಳ್ಳಿ ಪಂಪ್‌ಹೌಸ್ ರಿಪೇರಿ, ನಾಳೆ ನೀರು ಬರಲ್ಲ’ ಅಂತ ಒಂದು ಸಾಲು ಬಂದಿತ್ತು. ಫಿಲ್ಟರ್ ಹಾಕಿದವರಿಗೂ ಕಾಣಲಿಲ್ಲ, ಹಾಕದವರಿಗೂ ಕಾಣಲಿಲ್ಲ. ಕೊನೆ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ, ಎಪ್ಪತ್ತು ದಾಟಿದವರು, ಮಧ್ಯಾಹ್ನ ಕೊಡ ಹಿಡಿದುಕೊಂಡು ಮನೆ ಮನೆ ತಿರುಗಿದರು. ಸಂಘ ಮಾಡಬೇಕಾದ್ದು ಇಷ್ಟೇ: ಪ್ರಕಟಣೆಗೆ ಒಂದು ಗ್ರೂಪ್, ಅದರಲ್ಲಿ ಕಾರ್ಯದರ್ಶಿ ಬಿಟ್ಟು ಬೇರೆ ಯಾರೂ ಬರೆಯುವ ಹಾಗಿಲ್ಲ. ಹರಟೆಗೆ ಇನ್ನೊಂದು. ಸೆಟ್ಟಿಂಗಿನಲ್ಲಿ ಒಂದು ಗುಂಡಿ, ಅಷ್ಟೇ ರೀ. ಕಳಿಸುವವರು ಅಷ್ಟು ಮಾಡಲಾರದ್ದಕ್ಕೆ ಇಡೀ ಬಡಾವಣೆ ಫಿಲ್ಟರ್ ಬರೆಯುತ್ತಾ ಕೂತಿದೆ.

ಅಧ್ಯಕ್ಷರಿಗೆ ಹೇಳಿದೆ. ‘ಒಳ್ಳೇ ಸಲಹೆ ಸಾರ್, ಗ್ರೂಪಿಗೆ ಒಂದು ಮೇಲ್ ಹಾಕ್ಬಿಡಿ, ನೋಡ್ತೀನಿ’ ಅಂದರು. ಸಂಘದ ಮೇಲ್‌ಗಳೆಲ್ಲ ಕಣ್ಣಿಗೆ ಬೀಳದ ಹಾಗೆ ಅವರ ಅಳಿಯ ಅವರ ಫೋನಿನಲ್ಲಿ ಫಿಲ್ಟರ್ ಹಾಕಿಕೊಟ್ಟು ವರ್ಷವಾಯಿತಂತೆ.