ಅಂಕ ನೋಡಿ ಪ್ಯಾಚ್ ಹಾಕೋದನ್ನ ಇನ್ನಾದರೂ ಬಿಡಿ

ಇವತ್ತು ಮತ್ತೊಂದು ಸ್ಕ್ಯಾನ್ ರಿಪೋರ್ಟ್, ಅಂದ್ರೆ ಪ್ಯಾಚ್ (ದೋಷ ಸರಿಪಡಿಸೋ ಅಪ್‌ಡೇಟ್) ಹಾಕಬೇಕಾದ ಭದ್ರತಾ ದೋಷಗಳ ಪಟ್ಟಿ, ಕಣ್ಣಿಗೆ ಬಿತ್ತು. ಸಿವಿಎಸ್‌ಎಸ್ (ದೋಷದ ತೀವ್ರತೆಗೆ 10ಕ್ಕೆ ಕೊಡೋ ಅಂಕ) 9.8 ಇರುವವೆಲ್ಲ ಮೇಲೆ, ಕೆಂಪು ಬಣ್ಣದಲ್ಲಿ. ದಾಳಿಕೋರರು ಈಗಾಗಲೇ ಬಳಸುತ್ತಿರುವ 7.8ರ ವಿಂಡೋಸ್ ದೋಷ ಮಾತ್ರ ಎಲ್ಲೋ ಕೆಳಗೆ, 'ಮುಂದಿನ ಕ್ವಾರ್ಟರ್' ಅನ್ನೋ ಷರಾದ ಜೊತೆ. ಸಿಟ್ಟು ನೆತ್ತಿಗೇರಿತು.

ಆ ಅಂಕ ಹೇಳೋದು ದೋಷ ಎಷ್ಟು ತೀವ್ರ ಅಂತ. ಯಾರಾದರೂ ಅದನ್ನ ಬಳಸ್ತಿದ್ದಾರಾ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ದಾಳಿಕೋರ ಮೊದಲೇ ಕಂಪ್ಯೂಟರ್ ಒಳಗೆ ಹೊಕ್ಕಿರಬೇಕು ಅನ್ನೋ ಕಾರಣಕ್ಕೆ ಆ ವಿಂಡೋಸ್ ದೋಷದಂಥವಕ್ಕೆ ಅಂಕ ಕಡಿಮೆ. ಆದರೆ ಫಿಶಿಂಗ್‌ನಿಂದ ಒಂದು ಸಾಮಾನ್ಯ ಖಾತೆ ಕದ್ದವನು ಅಡ್ಮಿನ್ ಆಗೋದು ಇದೇ ದಾರಿಯಲ್ಲಿ.

ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಿಂದ ಕೆಇವಿ ಪಟ್ಟಿಯನ್ನ (ದಾಳಿಗೆ ಬಳಕೆಯಾಗಿರೋದು ಖಚಿತವಾದ ದೋಷಗಳ ಪಟ್ಟಿ) ಎಲ್ಲರಿಗೂ ಉಚಿತವಾಗಿ ಕೊಡ್ತಿದೆ. ಸಿವಿಇ ಸಂಖ್ಯೆ (ಪ್ರತಿ ದೋಷಕ್ಕೂ ಕೊಡೋ ಗುರುತಿನ ಸಂಖ್ಯೆ), ದಾಳಿಗೆ ಬಳಕೆಯಾದ ನಂಬಲರ್ಹ ಪುರಾವೆ, ಸ್ಪಷ್ಟ ಪರಿಹಾರ, ಈ ಮೂರೂ ಇದ್ದರೆ ಮಾತ್ರ ಅದರಲ್ಲಿ ಜಾಗ. 'ಅದು ಅವರ ಸರ್ಕಾರಿ ಕಚೇರಿಗಳಿಗೆ' ಅಂತ ತಳ್ಳಿಹಾಕುವವರಿದ್ದಾರೆ. ಕಡ್ಡಾಯದ ಗಡುವು ಅವರಿಗೆ, ನಿಜ. ದಾಳಿ ಎಲ್ಲರ ಮೇಲೂ ಆಗುತ್ತಲ್ಲ!

ದಿನಾ ಆ ಪಟ್ಟಿಯ ಜೇಸನ್ ಫೈಲ್ (ಪ್ರೋಗ್ರಾಂ ಓದಬಲ್ಲ ರೂಪ) ಇಳಿಸಿ, ಸಿವಿಇ ಸಂಖ್ಯೆಯನ್ನ ಸ್ಕ್ಯಾನ್ ಫಲಿತಾಂಶದ ಜೊತೆ ತಾಳೆ ನೋಡಿ. ಸ್ಕ್ಯಾನರ್ ವಿಪಿಎನ್, ಫೈರ್‌ವಾಲ್‌ಗಳ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಆವೃತ್ತಿಯನ್ನ ಎಷ್ಟೋ ಸಲ ಹಿಡಿಯೋದೇ ಇಲ್ಲ. ಅವಕ್ಕೆ ಬೇರೆ ಪಟ್ಟಿ ಇಟ್ಟುಕೊಂಡು ಉತ್ಪನ್ನದ ಹೆಸರಿನಿಂದ ಹುಡುಕಬೇಕು. ಸಿಕ್ಕಿದ್ದರಲ್ಲಿ ಇಂಟರ್‌ನೆಟ್‌ಗೆ ತೆರೆದಿರುವವು ಮೊದಲು, ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ಹಣ ಕೇಳೋ ಕುತಂತ್ರಾಂಶ) ಗುರುತು ಆ ಪಟ್ಟಿಯಲ್ಲಿ ಇರುವವು ಆಮೇಲೆ. ಪಟ್ಟಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಸುರಕ್ಷಿತ ಅಂತಲ್ಲ. ಉಳಿದವಕ್ಕೆ ಇಪಿಎಸ್‌ಎಸ್ ನೋಡಿ. ಮುಂದಿನ 30 ದಿನಗಳಲ್ಲಿ ದಾಳಿಗೆ ಬಳಕೆಯಾಗುವ ಸಂಭವ ಎಷ್ಟು ಅಂತ ಅದು ಅಂದಾಜು ಕೊಡುತ್ತೆ.

ಪ್ಯಾಚ್ ಹಾಕಿ ಟಿಕೆಟ್ (ಆ ಕೆಲಸದ ದಾಖಲೆ) ಮುಚ್ಚಿಬಿಡೋದು ಇನ್ನೂ ದೊಡ್ಡ ತಪ್ಪು. 2023ರ ಸಿಟ್ರಿಕ್ಸ್ ಬ್ಲೀಡ್ ದೋಷ ನೆನಪಿದೆಯಾ? ಸಿಟ್ರಿಕ್ಸ್ ಕಂಪನಿಯ ನೆಟ್‌ಸ್ಕೇಲರ್ (ಹೊರಗಿನಿಂದ ಕಚೇರಿ ಜಾಲಕ್ಕೆ ಲಾಗಿನ್ ಆಗಲು ಬಳಸೋ ಸಾಧನ) ಮೆಮೊರಿಯಿಂದ ಸೆಷನ್ ಟೋಕನ್‌ಗಳೇ (ಲಾಗಿನ್ ಆದವರಿಗೆ ಸಿಗೋ ಡಿಜಿಟಲ್ ಚೀಟಿ) ಸೋರುತ್ತಿದ್ದವು. ಪ್ಯಾಚ್ ಬಂದಿದ್ದು ಅಕ್ಟೋಬರ್ 10ಕ್ಕೆ, ದಾಳಿ ಶುರುವಾಗಿದ್ದು ಆಗಸ್ಟ್‌ನಲ್ಲೇ. ಕದ್ದ ಟೋಕನ್ ಪ್ಯಾಚ್ ಹಾಕಿದ ಮೇಲೂ ನಡೀತಿತ್ತು, ಪಾಸ್‌ವರ್ಡ್ ಬೇಡ, ಒಟಿಪಿಯೂ ಬೇಡ. ಹಳೆಯ ಸೆಷನ್‌ಗಳನ್ನೆಲ್ಲ ಕಡಿದುಹಾಕದೆ ಬಿಟ್ಟವರ ಬಾಗಿಲು ತೆರೆದೇ ಇತ್ತು.

ಹಾಗಾಗಿ ಟಿಕೆಟ್‌ನಲ್ಲಿ ಇನ್ನೆರಡು ಸಾಲು ಸೇರಿಸಿ: ಸೆಷನ್ ಕಡಿದು, ಕೀಲಿ, ಪಾಸ್‌ವರ್ಡ್ ಬದಲಾಯಿಸಿದ್ದಾಯ್ತಾ? ಪ್ಯಾಚ್ ಬರೋದಕ್ಕೂ ತಿಂಗಳುಗಳ ಹಿಂದಿನಿಂದ ಲಾಗ್ (ಯಾರು ಯಾವಾಗ ಬಂದರು ಅನ್ನೋ ದಾಖಲೆ) ನೋಡಿದ್ದಾಯ್ತಾ? ಅಷ್ಟು ಹಳೆಯ ಲಾಗ್ ಸಾಧನದಲ್ಲಿ ಉಳಿದಿರೋದು ಕಷ್ಟ, ಇವತ್ತೇ ಅವನ್ನ ಹೊರಗಿನ ಸರ್ವರ್‌ಗೆ ಕಳಿಸೋ ವ್ಯವಸ್ಥೆ ಮಾಡಿ.