ಗುಣವಾಗದ ಔಷಧ, ಗುಣವಾದ ಬಜೆಟ್

ಮಲೇರಿಯಾಕ್ಕೆ ಕ್ಲೋರೋಕ್ವಿನ್ ಎಂಥ ಒಳ್ಳೆಯ ಮಾತ್ರೆ! ಆಗ ಪೂರ್ತಿ ಚಿಕಿತ್ಸೆಗೆ ಹತ್ತು ಸೆಂಟ್ ಆಸುಪಾಸು. ಎಲ್ಲ ಕಡೆ ಸಿಗುತ್ತಿತ್ತು, ಹೆಸರೂ ಎಲ್ಲರಿಗೂ ಗೊತ್ತಿತ್ತು. ಒಂದೇ ಒಂದು ಸಣ್ಣ ತೊಂದರೆ. ರೋಗಾಣು ಅದಕ್ಕೆ ಬಗ್ಗದೆ, ಆಫ್ರಿಕಾದ ಬಹುಪಾಲು ಕಡೆ ಅದು ಮಲೇರಿಯಾ ವಾಸಿ ಮಾಡುವುದನ್ನು ನಿಲ್ಲಿಸಿತ್ತು. ಅಷ್ಟಕ್ಕೆಲ್ಲ ಒಳ್ಳೆಯ ಮಾತ್ರೆಯನ್ನು ಬಿಟ್ಟುಬಿಡೋಕಾಗುತ್ತಾ?

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೋಡಿ ಔಷಧ ಕೊಡಿ ಎಂದಿತು. ಆರ್ಟೆಮಿಸಿನಿನ್ ಎಂಬ ಔಷಧದ ಜೊತೆ ಇನ್ನೊಂದು. ಒಂದರ ಕೈಗೆ ಸಿಗದೆ ನುಣುಚಿಕೊಂಡ ರೋಗಾಣು ಇನ್ನೊಂದರ ಕೈಗೆ ಸಿಕ್ಕಿಬೀಳಬೇಕು. ಆಗಿನ ಬೆಲೆ, ದೊಡ್ಡವರಿಗೆ ಸುಮಾರು 2.40 ಡಾಲರ್. ಔಷಧಕ್ಕೆ ದುಡ್ಡು ಕೊಡುವ ಸಂಸ್ಥೆಗಳ ಲೆಕ್ಕದವರಿಗೆ ಚಳಿಜ್ವರ ಬಂತು. ಅವರ ಪುಸ್ತಕದಲ್ಲಿ ಮಾತ್ರೆಯ ಬೆಲೆಗೆ ಕಾಲಂ ಇತ್ತು, ರೋಗಿ ಬದುಕಿದನೇ ಎಂಬುದಕ್ಕೆ ಇರಲಿಲ್ಲ. ಹಾಗಾಗಿ ನಾಟದ ಮಾತ್ರೆಗೇ ದುಡ್ಡು ಹರಿಯುತ್ತಿತ್ತು. 2004ರಲ್ಲಿ ಕೆಲವು ತಜ್ಞರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವೈದ್ಯಕೀಯ ಅಪಚಾರ ಎಂದೇ ಬರೆದರು. ಪಾಪ, ಉಳಿತಾಯಕ್ಕೆ ಎಂಥ ಹೆಸರು!

ಆಮೇಲೆ ಎಲ್ಲರಿಗೂ ಒಟ್ಟಿಗೆ ಜ್ಞಾನೋದಯವಾಯಿತು. ಎಲ್ಲರೂ ಜೋಡಿ ಔಷಧ ಕೇಳಿದರು. ಆದರೆ ಆರ್ಟೆಮಿಸಿನಿನ್ ಬರುವುದು ಗಿಡದಿಂದ, ಗಿಡಕ್ಕೆ ಬೆಳೆಯಲು ತಿಂಗಳುಗಳೇ ಬೇಕು. ಸುತ್ತೋಲೆ ಕಳಿಸಿದರೆ ಅದು ಬೇಗ ಚಿಗುರುವುದಿಲ್ಲ. ಆರ್ಡರ್ ಬಂದರೆ ಬಿತ್ತುತ್ತೇವೆ ಎಂದರು ಬೆಳೆಗಾರರು. ಮಾಲು ಇದ್ದರೆ ಆರ್ಡರ್ ಕೊಡುತ್ತೇವೆ ಎಂದರು ಕೊಳ್ಳುವವರು. ಮದುವೆಯಾಗದೆ ಹುಚ್ಚು ಬಿಡೋಲ್ಲ, ಹುಚ್ಚು ಬಿಡದೆ ಮದುವೆಯಾಗೋಲ್ಲ. ಮೊದಲು ಅಭಾವ. ಆಮೇಲೆ ಎಲ್ಲರೂ ಒಟ್ಟಿಗೆ ಬಿತ್ತಿ, ಬೆಲೆ ಬಿದ್ದು, ಬೆಳೆಗಾರರು ತಲೆ ಮೇಲೆ ಕೈ ಹೊತ್ತರು.

ಇಷ್ಟೆಲ್ಲ ದಾಟಿ ಮಾತ್ರೆ ರೋಗಿಯ ಕೈಗೆ ಬಂತು ಅನ್ನಿ. ಆರ್ಟೆಮೆಥರ್-ಲ್ಯೂಮೆಫ್ಯಾಂಟ್ರಿನ್ ಎಂಬ ಜೋಡಿ ಆದರೆ ಮೂರು ದಿನ, ಆರು ಹೊತ್ತು, ದೊಡ್ಡವರಿಗೆ 24 ಮಾತ್ರೆ. ಜಿಡ್ಡಿನ ಊಟದ ಜೊತೆ ನುಂಗಬೇಕು, ಇಲ್ಲದಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನೀರು ಕುಡಿದರೂ ವಾಂತಿ ಮಾಡುವವನಿಗೆ ಈ ಸಲಹೆ. ಎರಡನೇ ದಿನ ಜ್ವರ ಇಳಿಯುತ್ತದೆ. ಮಿಕ್ಕ ಮಾತ್ರೆ ಸುಮ್ನೆ ಯಾಕೆ ಹಾಳು ಮಾಡಬೇಕು ಎಂದು ಮುಂದಿನ ಜ್ವರಕ್ಕೆ ಎತ್ತಿಡುತ್ತಾನೆ. ಬೈಯಬೇಡಿ. ಉಳಿತಾಯವನ್ನು ಅವನು ಮೇಲಿನವರಿಂದಲೇ ಕಲಿತದ್ದು ಅಲ್ವಾ?

ಅಂಗಡಿಗಳು ಇನ್ನೂ ಜಾಣ. ಜೋಡಿ ಬಿಟ್ಟು ಆರ್ಟೆಮಿಸಿನಿನ್ ಒಂದನ್ನೇ ಮಾರಿದವು. ಸಾಕು ನಿಲ್ಲಿಸಿ ಎಂದು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಒಂಟಿ ಮಾತ್ರೆ ತಯಾರಿಸುವ ಕಂಪನಿಗಳಿಗೆ ಹೇಳಬೇಕಾಯಿತು. ಕೆಲವೇ ವರ್ಷಗಳಲ್ಲಿ ಕಾಂಬೋಡಿಯದ ಪಶ್ಚಿಮದಲ್ಲಿ ಆರ್ಟೆಮಿಸಿನಿನ್‌ಗೂ ಬೇಗ ಬಗ್ಗದ ರೋಗಾಣು ಕಾಣಿಸಿತು. ಅದು ಯಾವ ಸಭೆಗೂ ಕಾದಿರಲಿಲ್ಲ.

ಲೆಕ್ಕದವರು ಈಗ ಪುಸ್ತಕಕ್ಕೆ ಹೊಸ ಕಾಲಂ ಸೇರಿಸಲು ಒಪ್ಪಿದ್ದಾರಂತೆ. ಅಚ್ಚು ಹಾಕಿಸಲು ಅತಿ ಕಡಿಮೆ ದರ ಹೇಳುವವರನ್ನು ಹುಡುಕುತ್ತಿದ್ದಾರೆ.